ತಂತಿ ಸರಿಯಾಗಿದೆ

"ಆ ಶ್ರುತಿ ಕೀಲಿ ಕೆಳಗಿಡು ರೈನೋ. ನನ್ನ ಮುಖ ನೋಡಿ ಮಾತಾಡು."

ಮಾರ್ಲಿಸ್ ಸೊಂಟಕ್ಕೆ ಕೈ ಕೊಟ್ಟು ವೇದಿಕೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಅಮೆರಿಕದ ಡಲೂತ್ ಊರಿನ ಆ ಸಂಗೀತ ಶಾಲೆಯ ಸಭಾಂಗಣ ಇಪ್ಪತ್ತು ವರ್ಷದಿಂದ ಅವಳ ಉಸ್ತುವಾರಿಯಲ್ಲಿತ್ತು. ಪಿಯಾನೊ ಶ್ರುತಿ ಮಾಡುವ ರೈನೋ ಲಹ್ತಿ ದೊಡ್ಡ ಮುಚ್ಚಳ ಎತ್ತಿ, ತಂತಿಗಳ ನಡುವೆ ರಬ್ಬರ್ ಬೆಣೆ ಸಿಕ್ಕಿಸುತ್ತಿದ್ದ. ತಲೆ ಎತ್ತಲಿಲ್ಲ.

"ಮೂರು ಗಂಟೆಗೆ ಕಚೇರಿ. ಇಲ್ಲಿ ಇನ್ನೂರ ಮೂವತ್ತು ತಂತಿ ಇದೆ. ನಿನ್ನ ಮುಖ ಆಮೇಲೆ ನೋಡ್ತೀನಿ. ಎಲ್ಲಿಗೂ ಓಡಿಹೋಗಲ್ವಲ್ಲ ಅದು."

"ತಮಾಷೆ ಬೇಡ. ಇವತ್ತು ನುಡಿಸೋದು ಲಿಯೋನಾ ಹಾಲ್ವರ್ಸನ್. ಒಂದು ಬಿರಡೆ ಕೂದಲೆಳೆಯಷ್ಟು ತಿರುಗಿಸಿದ್ರೆ ಸಾಕು, ಆ ಮುದುಕಿ ಮಾನ ಊರ ಮುಂದೆ ಹೋಗುತ್ತೆ."

"ನಂಗೊತ್ತು."

"ನಿನಗೆ ಗೊತ್ತು ಅನ್ನೋದೇ ನನ್ನ ಭಯ ಮಾರಾಯ!"

ಭಯಕ್ಕೆ ಕಾರಣವಿತ್ತು. ಮೂವತ್ತೊಂದು ವರ್ಷದ ಹಿಂದೆ, ಇದೇ ವೇದಿಕೆಯ ಮೇಲೆ, ಹದಿನೇಳರ ರೈನೋ ಪ್ರವೇಶ ಪರೀಕ್ಷೆಗೆ ಕುಳಿತಿದ್ದ. ಅಪ್ಪ ಬಂದರಿನಲ್ಲಿ ಹಡಗಿಗೆ ಅದಿರು ತುಂಬುವ ಕೂಲಿ. ಮೈಮೇಲಿದ್ದ ಕೋಟು ಅಪ್ಪನದೇ. ಅರ್ಧ ನುಡಿಸಿ ನಿಲ್ಲಿಸಿದ ರೈನೋ, "ಮೇಡಂ, ಒಂದು ತಂತಿ ಇಳಿದಿದೆ" ಎಂದ.

ಪರೀಕ್ಷಕಿ ಲಿಯೋನಾ ಎದ್ದು ಬಂದಳು. ಅವನು ಬೆರಳು ಎಳೆದುಕೊಳ್ಳುವ ಮೊದಲೇ ಪಿಯಾನೊದ ಒತ್ತುಮಣೆಗಳ ಮೇಲಿನ ಮುಚ್ಚಳ ಬಡಿದಳು.

"ತಂತಿ ಸರಿಯಾಗಿದೆ. ಕೆಟ್ಟಿರೋದು ನಿನ್ನ ಕಿವಿ. ಈ ಕಿವಿ ಇಟ್ಕೊಂಡು ಸಂಗೀತದ ಹತ್ತಿರ ಬರಬೇಡ."

ಪರೀಕ್ಷೆಗೆ ಬಂದಿದ್ದವರೆಲ್ಲ ನಕ್ಕರು. ಕೊಳಲು ಹಿಡಿದು ಬಾಗಿಲ ಬಳಿ ತನ್ನ ಸರದಿಗೆ ಕಾಯುತ್ತಿದ್ದ ಮಾರ್ಲಿಸ್ ಮಾತ್ರ ನಗಲಿಲ್ಲ.

ಮರುದಿನ ಶ್ರುತಿ ಮಾಡುವ ಮುದುಕನೊಬ್ಬ ಬಂದು ಅದೇ ತಂತಿಯನ್ನು ಬಿಗಿದು ಹೋದ. ರೈನೋ ಅವನ ಬೆನ್ನು ಹಿಡಿದ. ಕೆಲಸ ಕಲಿತ.

ಆ ಕೆಲಸ ಅವನ ಕೈಹಿಡಿಯಿತು. ಒಂದು ಸ್ವರಕ್ಕೆ ಮೂರು ತಂತಿ. ಮೊದಲು ಮೂರೂ ಕಚ್ಚಾಡುತ್ತವೆ. ಬಿರಡೆ ತಿರುಗಿಸುತ್ತ ಬಂದರೆ ದನಿಯ ನಡುಕ ನಿಧಾನವಾಗಿ ಇಳಿದು, ಒಂದು ಗಳಿಗೆಯಲ್ಲಿ ಮೂರೂ ಒಂದಾಗಿ ನೆಟ್ಟಗೆ ನಿಲ್ಲುತ್ತವೆ. ಆ ಗಳಿಗೆಯ ಸುಖ ಅವನಿಗೆ ಹೆಂಡತಿ ಮಕ್ಕಳೂ ಕೊಟ್ಟಿರಲಿಲ್ಲ. ನುಡಿಸುವವನಾಗಿದ್ದರೆ ಹತ್ತರಲ್ಲಿ ಹನ್ನೊಂದನೆಯವನಾಗುತ್ತಿದ್ದೆ ಎಂದು ತಾನೇ ಹೇಳುತ್ತಿದ್ದ. ಈ ಕೆಲಸದಲ್ಲಿ ಅವನಿಗೆ ಸಾಟಿಯಿಲ್ಲ. ಊರಿನ ಚರ್ಚು, ಶಾಲೆ, ಮನೆ, ಎಲ್ಲ ಪಿಯಾನೊಗಳೂ ಅವನವೇ. ರೈನೋನ ಕೈ ತಪ್ಪುವುದಿಲ್ಲ ಎಂದು ಊರೇ ಹೇಳುತ್ತದೆ.

ಆದರೆ ಸಿಟ್ಟು ಹೋಗಲಿಲ್ಲ. ಅಂಥ ಸಿಟ್ಟು ಹೋಗುವುದೂ ಇಲ್ಲ. ಹೋಯಿತು ಎನ್ನುವವರು ಸುಳ್ಳು ಹೇಳುತ್ತಾರೆ.

"ಆರು ವರ್ಷದಿಂದ ಅವಳ ಮನೆ ಪಿಯಾನೊ ಶ್ರುತಿ ಮಾಡೋಕೂ ಹೋಗ್ತೀಯಲ್ಲ, ನಾಚಿಕೆ ಆಗಲ್ವಾ?" ಎಂದಳು ಮಾರ್ಲಿಸ್.

"ಯಾಕೆ ನಾಚಿಕೆ? ತಿಂಗಳೆಲ್ಲ ಆ ಒಂದು ದಿನಕ್ಕೆ ಕಾಯ್ತೀನಿ. ಅಷ್ಟು ಮನಸ್ಸಿಟ್ಟು ಬೇರೆಲ್ಲೂ ಕೆಲಸ ಮಾಡಲ್ಲ."

"ನಿನ್ನ ಗುರುತು ಹಿಡಿದಿದಾಳಾ?"

"ಅವಳು ಓಡಿಸಿದ ಹುಡುಗರು ಒಬ್ಬರಾ, ಇಬ್ಬರಾ?"

ಎರಡೂವರೆಗೆ ಲಿಯೋನಾ ಬಂದಳು. ಕಪ್ಪು ಉಡುಪು, ಕೈಯಲ್ಲಿ ಕೋಲು. ಪಿಯಾನೊ ಮುಟ್ಟಲಿಲ್ಲ. ಜನ ಬಂದು ಕೂರುವ ತನಕ ಮಣೆ ಮುಟ್ಟಬಾರದೆಂಬುದು ಅವಳ ಹಳೆಯ ಪದ್ಧತಿ. ಮಾರ್ಲಿಸ್ ಕುರ್ಚಿ ಸರಿಪಡಿಸುವ ನೆಪದಲ್ಲಿ ಅಲ್ಲೇ ಸುಳಿದಾಡಿದಳು.

"ಲಹ್ತಿ ಅವರೇ, ನಿಮ್ಮ ಕೈ ಬಿದ್ದಿದೆ ಅಂದ್ಮೇಲೆ ಪಿಯಾನೊದ ಚಿಂತೆ ಇಲ್ಲ. ಚಿಂತೆ ಏನಿದ್ರೂ ಈ ಹಾಳು ಕಿವಿದು."

"ಮನೇಲಿ ಇನ್ನೂ ಹಾಗೇನಾ ಮೇಡಂ?"

"ನಿನ್ನೆ ಇನ್ನೂ ಜಾಸ್ತಿ. ಶ್ರುತಿಕವೆ ತಟ್ಟಿ ಪಿಯಾನೊ ಜೊತೆ ಹೋಲಿಸಿ ನೋಡ್ತೀನಿ, ಆ ಒಂದು ಸ್ವರ ಸರಿಯಾಗೇ ಕೇಳುತ್ತೆ. ಎರಡೂ ಕೈ ಇಟ್ರೆ ಎಲ್ಲಾ ಒಡೆದ ಹಾಲು! ಡಾಕ್ಟರು ಕಿವಿ ಚೆನ್ನಾಗಿದೆ ಅಂತಾನೆ. ಅವನಿಗೇನು ಗೊತ್ತು ಸಂಗೀತ? ನಿಮ್ಮಂಥವರು ಪ್ರತಿ ತಿಂಗಳು ಕೇಳಿ, ತಂತಿ ಸರಿಯಾಗಿದೆ ಅಂದ್ಮೇಲೆ ಮುಗೀತು."

ಆ ಕಿವಿಯ ದೆಸೆಯಿಂದಲೇ ಅವಳು ಶಿಷ್ಯರನ್ನು ಬಿಟ್ಟಿದ್ದಳು, ಶಾಲೆಯ ಕೆಲಸ ಬಿಟ್ಟಿದ್ದಳು. ಐದು ವರ್ಷದಿಂದ ತನ್ನ ಮನೆಯದಲ್ಲದೆ ಬೇರೆ ಪಿಯಾನೊ ಮುಟ್ಟಿರಲಿಲ್ಲ. ಶಾಲೆಯವರು ಒತ್ತಾಯ ಮಾಡಿದ್ದಕ್ಕೆ ಇವತ್ತು ಈ ವಿದಾಯದ ಕಚೇರಿ.

"ಬೆರಳಿನ ನೆನಪಿನ ಮೇಲೆ ನುಡಿಸಿಬಿಡ್ತೀನಿ. ಇವತ್ತಾದ್ಮೇಲೆ ಇನ್ನು ಮುಚ್ಚಳ ತೆಗೆಯೋದಿಲ್ಲ," ಎಂದಳು. ಕಣ್ಣು ಒದ್ದೆಯಾಗಿತ್ತು.

ರೈನೋ ಬೆಣೆಗಳನ್ನು ಚೀಲಕ್ಕೆ ತುಂಬಿದ. ಮಾರ್ಲಿಸ್ ಅವನ ತೋಳು ಹಿಡಿದು ಪರದೆಯ ಹಿಂದೆ ಎಳೆದಳು.

"ನೋಡಿದೆಯಲ್ಲ? ದೇವರೇ ಶಿಕ್ಷೆ ಕೊಟ್ಟಿದಾನೆ. ನೀನು ಏನಾದ್ರೂ ಮಾಡಿದ್ರೆ ಈಗಲೇ ಸರಿಮಾಡು."

"ಮುಂದಿನ ಸಾಲಲ್ಲಿ ಒಂದು ಸೀಟು ಕೊಡು. ಅವಳ ಮುಖ ಕಾಣಬೇಕು."

ಮಾರ್ಲಿಸ್ ಮುಂದಿನ ಸಾಲಿನ ತುದಿಯ ಕುರ್ಚಿ ತೋರಿಸಿ ಬಾಗಿಲ ಕಡೆ ನಡೆದಳು.

ಮೂರು ಗಂಟೆ. ಚಪ್ಪಾಳೆ. ಲಿಯೋನಾ ಕುಳಿತು ಎರಡೂ ಕೈ ಎತ್ತಿದಳು. ಬಾಗಿಲ ಬಳಿ ನಿಂತ ಮಾರ್ಲಿಸ್ ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು. ಹತ್ತೂ ಬೆರಳು ಒಟ್ಟಿಗೆ ಇಳಿದವು.

ದನಿ ಸಭಾಂಗಣವನ್ನು ತುಂಬಿತು. ಎಲ್ಲೂ ನಡುಕವಿಲ್ಲ, ಕೊಂಕಿಲ್ಲ. ಚಳಿಗಾಲದ ಬೆಳಿಗ್ಗೆ ಹೆಪ್ಪುಗಟ್ಟಿದ ಸರೋವರದ ಹಾಗೆ ನಿಚ್ಚಳ. ಮಾರ್ಲಿಸ್ ಉಸಿರು ಬಿಟ್ಟಳು. ಒಳ್ಳೆಯವನನ್ನು ಅನುಮಾನಿಸಿದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ವೇದಿಕೆಯ ಮೇಲೆ ಲಿಯೋನಾ ಮುಂದುವರಿಯಲಿಲ್ಲ. ಅದನ್ನೇ ಮತ್ತೆ ಒತ್ತಿದಳು. ಕೆಳಗಿನ ಸ್ವರ ಒತ್ತಿದಳು. ಮೇಲಿನ ಸ್ವರ ಒತ್ತಿದಳು. ಒಂದೊಂದೇ ಬೆರಳಿಟ್ಟು, ಕತ್ತು ಓರೆ ಮಾಡಿ ಆಲಿಸಿದಳು. ಮುದುಕಿಗೆ ದುಃಖ ಉಕ್ಕಿತೆಂದು ಜನ ಮರುಗಿದರು. ಅವಳ ಮುಖದ ರಕ್ತ ಇಳಿಯುತ್ತ ಹೋಯಿತು. ಕೊನೆಗೆ ನಿಧಾನವಾಗಿ ಕತ್ತು ತಿರುಗಿಸಿ, ಮುಂದಿನ ಸಾಲಿನಲ್ಲಿ ಅವನನ್ನು ಹುಡುಕಿದಳು.

"ತಂತಿ ಸರಿಯಾಗಿದೆ ಮೇಡಂ," ಎಂದ ರೈನೋ.

ಆರು ವರ್ಷದಲ್ಲಿ ಅವಳು ನುಡಿಸುವ ಪಿಯಾನೊವನ್ನು ಅವನು ಸರಿಯಾಗಿ ಶ್ರುತಿ ಮಾಡಿದ್ದು ಅದೇ ಮೊದಲ ಸಲ.