ಮಡಚಿಟ್ಟ ಬಟ್ಟೆ

"ಕಫನಕ್ಕ ಐದ ಮೀಟರ್ ಬಿಳಿ ಮಾಂಜರಪಾಟ ಕೊಡ್ರಿ, ಸುನಂದಾಬಾಯಿ," ಎಂದಳು ಸಖುಬಾಯಿ, ಮಿರಜ ಪೇಟೆಯ ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ನಗುನಗುತ್ತ.

ಸುನಂದಾಬಾಯಿಯ ಕೈಯ ಅಳತೆಗೋಲು ಅಲ್ಲೇ ನಿಂತಿತು. "ಯಾರ ತೀರ್ಕೊಂಡ್ರು?"

"ಯೇಸುಸ್ವಾಮಿ. ನಾಳೆ ಗುಡ್ ಫ್ರೈಡೆ ಅಲ್ಲೇನ್ರಿ, ಚರ್ಚಿನಾಗ ನಾಟಕ. ವರ್ಷಾ ನಮ್ಮನಿ ಚಾದರದಾಗ ಸುತ್ತತಿದ್ವಿ. ಹೋದ ವರ್ಷ ಅದರ ಮ್ಯಾಲಿನ ನವಿಲ ನೋಡಿ ಮಂದಿಯೆಲ್ಲಾ ನಕ್ಕುಬಿಟ್ರು."

ಸುನಂದಾಬಾಯಿ ನಗಲಿಲ್ಲ. ನಾಟಕವೇ ಇರಲಿ, ಕಫನ ಎಂಬ ಮಾತು ಬಾಯಿಂದ ಬಂದಾಗಿತ್ತು. ಹಿಂದೆ ಗಾದಿಯ ಮೇಲೆ ಗಂಡ ರೇವಪ್ಪ ಲೋಡಿಗೆ ಒರಗಿ ಕೂತಿದ್ದ. ಸಾಂಗಲಿಯಲ್ಲಿ ಎದೆ ಕೊಯ್ದು ಹೊಲಿದು ಇನ್ನೂ ತಿಂಗಳಾಗಿರಲಿಲ್ಲ. ಅವನು ಕಣ್ಣು ತೆರೆಯದ ಆ ಮೂರು ದಿನ, ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ, ಹಾಳು ವ್ಯಾಪಾರದ ಮನಸ್ಸು ಇದೇ ಬಟ್ಟೆಯನ್ನು ಐದು ಮೀಟರ್ ಅಳೆದುಬಿಟ್ಟಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಂಗಡಿಗೆ ಮರಳಿದವಳೇ ಆ ಬಟ್ಟೆಯ ಥಾನನ್ನು ಕಪಾಟಿನ ಎಲ್ಲಕ್ಕಿಂತ ಕೆಳಗಿನ ಹಲಗೆಗೆ ತಳ್ಳಿದ್ದಳು.

ಹೆಣದ ಬಟ್ಟೆಗೆ ಆ ಅಂಗಡಿಯಲ್ಲಿ ಕತ್ತರಿ ತಾಗಿಸುವುದಿಲ್ಲ, ಕೈಯಿಂದಲೇ ಹರಿಯಬೇಕು. ಗಿರಾಕಿ ಹೊರಟಾಗ ತಪ್ಪದೆ ಹೇಳುವ "ಮತ್ತ ಬರ್ರಿ" ಎಂಬ ಮಾತನ್ನೂ ಆಗ ಆಡುವುದಿಲ್ಲ. ಸುನಂದಾಬಾಯಿ ಸರ್ರನೆ ಹರಿದು ಕೊಟ್ಟು, ಮುಖ ತಿರುಗಿಸಿದಳು.

ರವಿವಾರ ಹತ್ತು ಗಂಟೆಗೆ ಸಖುಬಾಯಿ ಮತ್ತೆ ಹಾಜರು. ಒಂದು ಕೈಯಲ್ಲಿ ಕೇಕಿನ ಡಬ್ಬಿ, ಕಂಕುಳಲ್ಲಿ ಅದೇ ಬಿಳಿ ಬಟ್ಟೆ.

"ಅಲ್ಲೇ ನಿಂದರ್ರಿ! ಹೆಣಕ್ಕ ಕೊಟ್ಟ ಅರಿವಿ ಈ ಹೊಸ್ತಿಲಾ ದಾಟೂದಿಲ್ಲ!"

"ಹೆಣಾ ಎಲ್ಲೈತ್ರಿ? ನಸಿಕಿನ್ಯಾಗ ಕಲ್ಲ ಸರಿಸಿ ನೋಡಿದ್ರ ಗವಿ ಖಾಲಿ. ಎದ್ದ ಹೋಗ್ಯಾನ, ಅರಿವಿ ಅಷ್ಟ ಉಳದೈತಿ. ಶುಕ್ರವಾರ ನಿಮ್ಮ ಸಾವಕಾರರ ಹೆಸರಿಲೆ ಪ್ರಾರ್ಥನಾ ಮಾಡಿದ್ದೆ. ಅವರಿಗೇ ಹೊದಿಸೂಣಂತ ತಂದೇನಿ. ಇದು ಸತ್ತಾವನ ಅರಿವಿ ಅಲ್ರಿ, ಎದ್ದಾವನ ಅರಿವಿ."

ಬೈಯಲು ಬಾಯಿ ತೆರೆದ ಸುನಂದಾಬಾಯಿಯ ಕಣ್ಣು ಬಟ್ಟೆಯ ಮಡಿಕೆಯ ಮೇಲೆ ಬಿತ್ತು. ಅಂಚಿಗೆ ಅಂಚು ಕೂಡಿತ್ತು, ಒಂದು ಸುಕ್ಕಿಲ್ಲ. "ಇಷ್ಟ ನೀಟ ಯಾರ ಮಡಚಿದ್ರು?"

"ನಾನ ಮಡಚೇನ್ರಿ. ನಮ್ಮ ಪುಸ್ತಕದಾಗ ಹಂಗ ಬರದೈತಿ. ತಲೀಗೆ ಸುತ್ತಿದ್ದ ಅರಿವಿ ಮಡಚಿ, ಬ್ಯಾರೆ ಕಡೆ ಇಟ್ಟಿತ್ತಂತ."

ಸುನಂದಾಬಾಯಿ ಆ ಮಡಿಕೆಯನ್ನೇ ನೋಡಿದಳು. ಕಳ್ಳ ಮಡಚಿಡುವುದಿಲ್ಲ. ಹೆದರಿ ಓಡುವವನೂ ಮಡಚಿಡುವುದಿಲ್ಲ. ಹತ್ತು ಸೀರೆ ಬಿಚ್ಚಿಸಿ ರಾಶಿ ಬಿಟ್ಟು ಹೋದ ಗಿರಾಕಿ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಆದರೆ ಏನೂ ಕೊಳ್ಳದಿದ್ದರೂ, ನೋಡಿದ ಬಟ್ಟೆಯನ್ನು ತಾನೇ ಮಡಚಿಟ್ಟು ಹೋಗುವ ಒಬ್ಬರಿರುತ್ತಾರೆ. ಅವರು ಬಂದೇ ಬರುತ್ತಾರೆ. ನಲವತ್ತು ವರ್ಷದಲ್ಲಿ ಈ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಸಖುಬಾಯಿಯ ಪುಸ್ತಕವನ್ನು ಅವಳು ಓದಿರಲಿಲ್ಲ, ಆದರೆ ಗವಿಯಲ್ಲಿ ಬಟ್ಟೆ ಮಡಚಿಟ್ಟ ಆ ಕೈಯ ಗುರುತು ಅವಳಿಗೆ ಹತ್ತಿತು.

ಬಟ್ಟೆಯನ್ನು ತಾನೇ ಇಸಿದುಕೊಂಡು, ಹೊಸ್ತಿಲು ದಾಟಿಸಿ, ಗಂಡನ ಹೆಗಲಿಗೆ ಹೊದಿಸಿದಳು.

ರೇವಪ್ಪ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದ. "ನಮ್ಮ ಅಂಗಡಿ ಮಾಲ ಅಲ್ಲೇನು, ಚಲೋ ಐತಿ. ಆ ಕೇಕಿನಾಗ ತತ್ತಿ ಹಾಕ್ಯಾರೇನ್ ಕೇಳ."

"ಲಿಂಗವಂತರ ಅಂಗಡಿಗೆ ತತ್ತಿ ಹಾಕಿದ್ದು ತರ್ತೀನೇನ್ರಿ ಸಾವಕಾರ!" ಎಂದು ನಗುತ್ತ ಡಬ್ಬಿ ಕೊಟ್ಟು ಸಖುಬಾಯಿ ಮೆಟ್ಟಿಲು ಇಳಿದಳು.

"ಮತ್ತ ಬರ್ರಿ," ಎಂದುಬಿಟ್ಟಳು ಸುನಂದಾಬಾಯಿ. ಆ ಬಟ್ಟೆ ಒಯ್ದವರಿಗೆ ಈ ಮಾತು ಹೇಳಿದ್ದು ಜನ್ಮದಲ್ಲೇ ಮೊದಲು. ಗಾಬರಿಯಾಗಿ ಬಾಯಿಗೆ ಸೆರಗು ಹಿಡಿದಳು.

ಹೊಲಿಗೆಯ ಎದೆಯನ್ನು ಅಂಗೈಯಿಂದ ಒತ್ತಿ ಹಿಡಿದು, ಬಾಯ್ತುಂಬ ಕೇಕು ಇಟ್ಟುಕೊಂಡು ರೇವಪ್ಪ ಒಳಗಿನಿಂದಲೇ ಕೂಗಿದ:

"ಅರಿವಿ ಮಡಚಿಟ್ಟ ಹೋದ್ನಲ್ಲ, ಅವಂಗೂ ಮತ್ತ ಬಾ ಅಂತ ಹೇಳ್ರಿ!"