ಯಂತ್ರ ಕೇಳಿಸಿಕೊಂಡದ್ದು

ಒಡೆದ ಡ್ರಮ್ಮಿಗೆ ಹಸಿರು ದೀಪ ಹತ್ತಿತು.

ಕಿವಿಯಕ್ಕ ಸುತ್ತಿಗೆ ಎತ್ತಿ ಮತ್ತೊಮ್ಮೆ ಬಡಿದಳು. ಬಸ್ಸಿನ ಚಕ್ರದೊಳಗೆ ಕೂರುವ ಎರಕದ ಬ್ರೇಕ್ ಡ್ರಮ್ ಅದು. ಗಟ್ಟಿಯಿದ್ದರೆ ಗಂಟೆಯ ಹಾಗೆ ಮೊಳಗುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಒಡಕು ಮಡಕೆಯ ಸದ್ದು. ಇಪ್ಪತ್ತೆರಡು ವರ್ಷ ಈ ಮೇಜಿನ ಮುಂದೆ ನಿಂತು ಬಡಿದು ಬಡಿದೇ ಅವಳಿಗೆ ಆ ಹೆಸರು ಬಂದದ್ದು. ತಲೆಯ ಮೇಲೆ ತೂಗುಬಿಟ್ಟ ಮೈಕಿನ ಮೂಲಕ, ಗಟ್ಟಿಯದಕ್ಕೆ ಹಸಿರು, ಒಡೆದದ್ದಕ್ಕೆ ಕೆಂಪು ದೀಪ ಹತ್ತಿಸುವ ಯಂತ್ರವೂ ಆರು ತಿಂಗಳು ಅವಳ ಜೊತೆಗೇ ಕಲಿತಿತ್ತು. ಹದಿನೈದು ದಿನಗಳ ಪರೀಕ್ಷೆಯಲ್ಲಿ ಅದು ಒಮ್ಮೆಯೂ ತಪ್ಪಿರಲಿಲ್ಲ. ಸೋಮವಾರದಿಂದ ಬಡಿಯುವುದಕ್ಕೂ ಕಬ್ಬಿಣದ ಕೈ ಬರುತ್ತದೆ, ಅವಳು ಮನೆಗೆ ಹೋಗುತ್ತಾಳೆ. ಇವತ್ತು ಗುರುವಾರ.

ಮತ್ತೆ ಹಸಿರು. ಇಷ್ಟು ದಿನ ಇಲ್ಲದ್ದು ಇವತ್ತೇನಾಯಿತು ಎಂದುಕೊಳ್ಳುತ್ತ ಕೆನ್ನೆ ಒತ್ತಿಕೊಂಡಳು. ಬೆಳಿಗ್ಗೆ ಹಲ್ಲು ಕೀಳಿಸಿಕೊಂಡು ನೇರ ಕೆಲಸಕ್ಕೆ ಬಂದಿದ್ದಳು, ದವಡೆಯಲ್ಲಿ ಇನ್ನೂ ಹತ್ತಿಯಿತ್ತು. ಆಗ ಹೊಳೆಯಿತು. ಒಡೆದ ಡ್ರಮ್ ಕಂಡಾಗಲೆಲ್ಲ ಅವಳು ಲೊಚಗುಟ್ಟುತ್ತಿದ್ದಳು, ಯಾರದೋ ಮಗು ಎಡವಿ ಬಿದ್ದದ್ದನ್ನು ನೋಡಿದವರ ಹಾಗೆ. ಅದು ಅವಳಿಗೇ ಗೊತ್ತಾಗದಷ್ಟು ಹಳೆಯ ಅಭ್ಯಾಸ. ಇವತ್ತು ಬಾಯಲ್ಲಿ ಹತ್ತಿ, ನಾಲಿಗೆ ಆಡಿಲ್ಲ.

ಒಂದು ಗಟ್ಟಿ ಡ್ರಮ್ ಎಳೆದುಕೊಂಡು ಬಡಿದಳು. ಗಂಟೆಯಂತೆ ಮೊಳಗಿತು. ಹತ್ತಿಯನ್ನು ಒಂದು ಪಕ್ಕಕ್ಕೆ ಸರಿಸಿ, ನೋವಾದರೂ ಸರಿಯೆಂದು ಒಮ್ಮೆ ಲೊಚಗುಟ್ಟಿದಳು. ಕೆಂಪು ದೀಪ ಹತ್ತಿತು.

ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಆರು ತಿಂಗಳು ಈ ಮಹಾಶಯ ಕಲಿತದ್ದು ಬರೀ ಗಿಣಿಪಾಠ. ಕಬ್ಬಿಣದ ಮಾತು ಇವನಿಗೆ ಒಂದಕ್ಷರವೂ ತಿಳಿದಿಲ್ಲ, ಕೇಳಿಸಿಕೊಂಡದ್ದೆಲ್ಲ ಅವಳ ನಾಲಿಗೆಯನ್ನು.

ಸೂಪರ್‌ವೈಸರ್ ಅದೇ ಹೊತ್ತಿಗೆ ಆ ಕಡೆ ಬಂದ. "ಏನಕ್ಕ, ಶಿಷ್ಯ ಹೇಗಿದಾನೆ? ಗುರುವಿಗೇ ತಿರುಮಂತ್ರ ಹೇಳ್ತಿದಾನಾ?"

ಹೇಳಿಬಿಡಬೇಕೆಂದು ಬಾಯಿಯವರೆಗೆ ಬಂತು. ಹೇಳಿದರೆ ಯಂತ್ರ ತಂದು ಕೂರಿಸಿದ ಇಂಜಿನಿಯರ್ ಹುಡುಗಿ ಒಂದೆರಡು ವಾರದಲ್ಲಿ ಸರಿಮಾಡುತ್ತಾಳೆ, ಆಮೇಲೆ ಈ ಮೇಜು ತನಗೆ ಇಲ್ಲವೇ ಇಲ್ಲ. ಹೇಳದಿದ್ದರೆ ಸೋಮವಾರ ಯಂತ್ರ ಎಲ್ಲರೆದುರು ಮುಗ್ಗರಿಸುತ್ತದೆ, ಇವರೇ ಮನೆ ಬಾಗಿಲಿಗೆ ಬಂದು ಕರೆಯುತ್ತಾರೆ. ಮಾಲು ಲಾರಿ ಹತ್ತುವ ಮೊದಲು ಎರಡು ದಿನ ಗೋಡೌನಿನಲ್ಲಿರುತ್ತದೆ, ಅಷ್ಟರಲ್ಲಿ ಎಲ್ಲವನ್ನೂ ಇನ್ನೊಮ್ಮೆ ಬಡಿದು ನೋಡಿದರಾಯಿತು. ಯಾರಿಗೂ ತೊಂದರೆಯಿಲ್ಲ.

"ನೂರಕ್ಕೆ ನೂರು," ಎಂದಳು.

ಒಡೆದ ಡ್ರಮ್ಮನ್ನು ಕೈಯಾರೆ ಗುಜರಿ ಗಾಡಿಗೆ ಹಾಕಿದಳು. ಹತ್ತಿ ತೆಗೆದ ಮೇಲೆ, ಶುಕ್ರವಾರವಿಡೀ, ಪ್ರತಿ ಬಿರುಕಿಗೂ ಸ್ಪಷ್ಟವಾಗಿ ಲೊಚಗುಟ್ಟಿದಳು. ದೀಪ ತಪ್ಪದೆ ಕೆಂಪಾಯಿತು. ಆದರೆ ಊಟದ ಡಬ್ಬಿ ಮುಚ್ಚಳ ತೆಗೆಯದೆ ವಾಪಸ್ಸು ಮನೆಗೆ ಹೋಯಿತು.

ಶನಿವಾರ ಬೆಳಿಗ್ಗೆ ಮಗಳನ್ನು ಕಾಲೇಜಿನ ಬಸ್ಸು ಹತ್ತಿಸಲು ನಿಂತಿದ್ದಳು. ಇಳಿಜಾರಿನಲ್ಲಿ ತುಂಬಿದ ಬಸ್ಸು ಓಲಾಡುತ್ತ ಬಂತು. ಅವಳು ಮುಂದಿನ ಚಕ್ರವನ್ನೇ ನೋಡಿದಳು. ಅದು ಕಿರುಗುಟ್ಟಿ, ಮಗಳ ಕಾಲಿಗೆ ಒಂದು ಮಾರು ಇರುವಾಗ ನಿಂತಿತು.

"ಏನಮ್ಮ ಹಾಗೆ ನೋಡ್ತೀಯ, ಹೊಸ ಬಸ್ಸಲ್ಲ ಇದು," ಎಂದು ನಕ್ಕು ಮಗಳು ಹತ್ತಿದಳು.

ಕಾರ್ಖಾನೆಗೆ ಬಂದವಳೇ ಇಂಜಿನಿಯರ್ ಹುಡುಗಿಯನ್ನು ಮೇಜಿನ ಹತ್ತಿರ ಕರೆದಳು. ಬಾಯಿ ಮುಚ್ಚಿಕೊಂಡು ಒಡೆದದ್ದನ್ನು ಬಡಿದಳು, ಹಸಿರು. ಗಟ್ಟಿಯದನ್ನು ಬಡಿದು ಲೊಚಗುಟ್ಟಿದಳು, ಕೆಂಪು. ಹುಡುಗಿ ತಾನೇ ಸುತ್ತಿಗೆ ತೆಗೆದುಕೊಂಡು ನಾಲ್ಕೈದು ಸಲ ನೋಡಿದಳು. ಆಮೇಲೆ ಡ್ರಮ್ಮುಗಳನ್ನು ಮೇಜಿನಿಂದ ಆಚೆ ಸರಿಸಿದಳು.

"ಯಾವಾಗ ಗೊತ್ತಾಯ್ತಕ್ಕ ನಿಮಗೆ?"

"ಗುರುವಾರ." ಕಿವಿಯಕ್ಕ ತಲೆ ತಗ್ಗಿಸಿದಳು. "ತಪ್ಪಾಯ್ತು ತಾಯಿ. ಸೋಮವಾರದ ಯೋಚನೇಲಿ ಬುದ್ಧಿ ಕೆಟ್ಟಿತ್ತು. ಆದ್ರೆ ಒಂದು ಒಡಕೂ ಹೊರಗೆ ಬಿಟ್ಟಿಲ್ಲ, ನನ್ನಾಣೆ. ಗಾಡೀಲಿ ಎಲ್ಲಾ ಇದೆ, ಬೇಕಾದ್ರೆ ನೋಡು."

"ಇಲ್ಲಿ ಬಿಟ್ಟಿಲ್ಲ." ಹುಡುಗಿ ಸ್ಟೂಲಿನ ಮೇಲೆ ಕುಳಿತುಕೊಂಡಳು. "ಇಲ್ಲಿ ಇಷ್ಟು ಚೆನ್ನಾಗಿ ಕಲಿತಿದೆ ಅಂತ, ನಿನ್ನೆ ಬೆಳಿಗ್ಗೆ ಇದನ್ನೇ ನಕಲು ಮಾಡಿ ನಮ್ಮ ಇನ್ನು ಮೂರು ಕಾರ್ಖಾನೆಗೆ ಕಳಿಸ್ದೆ ಅಕ್ಕ. ಅಲ್ಲಿ ಗೋಡೌನಿಲ್ಲ. ಮಾಲು ಅವತ್ತಿಂದವತ್ತೇ ಲಾರಿಗೆ ಹೋಗತ್ತೆ."

"ಅಲ್ಲಿ ಮೇಜಿನ ಹತ್ರ ಯಾರಿದಾರೆ?"

"ಯಾರೂ ಇಲ್ಲ. ಬರೀ ಯಂತ್ರದ ಕೈ." ಹುಡುಗಿ ಫೋನ್ ಒತ್ತಿದಳು. ಆ ಕಡೆ ಗಂಟೆ ಹೊಡೆಯುತ್ತಲೇ ಇತ್ತು, ಯಾರೂ ಎತ್ತಲಿಲ್ಲ. "ರಾತ್ರಿ ಅಲ್ಲಿಂದ ಮೆಸೇಜ್ ಬಂದಿತ್ತು. ನಿನ್ನೆಯಿಡೀ ಒಂದೇ ಒಂದು ಕೆಂಪು ದೀಪ ಹತ್ತಿಲ್ವಂತೆ. ಎಲ್ಲರೂ ಖುಷಿಯಾಗಿದಾರೆ."

ಕಿವಿಯಕ್ಕ ತನಗರಿವಿಲ್ಲದೆ ಲೊಚಗುಟ್ಟಿದಳು.

ಮೇಜಿನ ಮೇಲೆ ಏನೂ ಇರಲಿಲ್ಲ. ಕೆಂಪು ದೀಪ ಹತ್ತಿತು.