ಅರ್ಧ ಗುಟುಕು

ಇಲಿಗಳಿಗೆ ಮಾತು ಬಂದ ಮೇಲೆ ಧಾರವಾಡದ ಈ ಪ್ರಯೋಗಾಲಯದಲ್ಲಿ ಗದ್ದಲ ಜಾಸ್ತಿ. ಸಂಶೋಧಕಿ ನೀಲಾಂಬಿಕಾ ಸಕ್ಕರೆ ಕಾಯಿಲೆಯ ಇಲಿಗಳಲ್ಲಿ ಬಲಗೂಡಿನವಕ್ಕೆ ಬೇಲದ ಹಣ್ಣಿನ ಸತ್ವವನ್ನೂ ಪಕ್ಕದ ಎಡಗೂಡಿನವಕ್ಕೆ ಹೋಲಿಕೆಗೆಂದು ಬರೀ ನೀರನ್ನೂ ಕುಡಿಸುತ್ತಿದ್ದಳು. ಇವತ್ತು ರಕ್ತ ಪರೀಕ್ಷಿಸಿದರೆ ಎರಡೂ ಗೂಡುಗಳಲ್ಲಿ ಸಕ್ಕರೆ ಇಳಿದಿತ್ತು.

"ಇದು ಹ್ಯಾಂಗ?" ಎಂದು ಬಲಗೂಡಿನ ಮುದಿ ಇಲಿಯನ್ನು ಕೇಳಿದಳು.

"ಅರ್ಧಾ ನುಂಗಿ, ಇನ್ನರ್ಧಾ ಜಾಳಿಗಿ ಸಂದಿಯಿಂದ ಅವರ ಬಾಯಿಗೆ ಹಾಕ್ತಿದ್ವಿ."

"ಅಯ್ಯ, ನನ್ನ ಇಷ್ಟು ದಿನದ ಕೆಲಸಾ ಎಲ್ಲಾ ಹಾಳಾತಲ್ಲ!" ಎಂದವಳಿಗೆ ತಟ್ಟನೆ ಹೊಳೆಯಿತು: ಹಾಗಾದರೆ ಅರ್ಧವೇ ಸಾಕಾಗಿದೆ. ಸಿಟ್ಟು ಮರೆತು ಗೂಡಿನತ್ತ ಬಾಗಿದಳು. "ಕಾಲು ಭಾಗ ಕೊಟ್ರೂ ಸಾಕಾಗ್ತದೇನು?"

"ನೋಡೂಣು," ಎಂದಿತು ಇಲಿ. "ಆದ್ರ ಈ ಸಲ ಯಾರಿಗೂ ಬರೇ ನೀರು ಕೊಡೂದಿಲ್ಲ ಅಂದ್ರ ಅಷ್ಟ ಬಾಯಿ ತೆರೀತೀವಿ."